ಹೆಪ್ಪು ಕೇಳಲು ಬರುತ್ತಿದ್ದ ಮುನಿಗಂಗಮ್ಮ

ಮುನಿಗಂಗಮ್ಮ ಒಂದೆಡೆ ನಿಂತದ್ದನ್ನು ನಾನು ಕಂಡದ್ದೇ ಕಡಿಮೆ. ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಗಂಡಸರ ಹಳೆಯ ಸ್ವೆಟರನ್ನು ಬೇಸಿಗೆಯಲ್ಲೂ ಬಿಡದೆ ತೊಟ್ಟು, ಹಾಲಿನ ಕ್ಯಾನಿನೊಡನೆ ಕೋಡಿಹಳ್ಳಿಯಿಂದ ಜೀವನ್ ಬಿಮಾ ನಗರಕ್ಕೆ ಧಾವಿಸುವ ಆ ನಡಿಗೆಯಲ್ಲಿ, ಏನೋ ಕೈತಪ್ಪಿಹೋಗುವ ಆತಂಕ ಸದಾ ಇರುತ್ತಿತ್ತು. ಮಾತಿನ ನಡುವೆ ‘ಅದಿರ್ಲಿ’ ಎಂದು ಅರ್ಧಕ್ಕೇ ಬಿಟ್ಟು ಹೊರಟೇಬಿಡುವರು.

ಮೂರು ಹಸು ಕಟ್ಟಿದ್ದ ಈ ಹೆಂಗಸು, ತೊಂಬತ್ತಾರನೆಯ ಇಸವಿಯಲ್ಲಿ, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡದ ಹುಡುಗಿ ಪ್ರತಿಭಾಳ ಬಳಿ ದಿನವೂ ಹೆಪ್ಪು ಕೇಳಲು ಬರುತ್ತಿದ್ದರು! ಹಾಲಿನವರಿಗೇ ಹೆಪ್ಪಿಗೆ ಬರವೇ ಎಂದು ರೇಗಿಸಿದರೆ, ‘ನಿಮ್ಗೆ ಗೊತ್ತಾಗಲ್ಲ ಬಿಡಿ ಸಾರ್’ ಎಂದು ಮೆಟ್ಟಿಲೇರುವರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ. ಅದಕ್ಕೆ ಮುನ್ನ ಬಟ್ಟಲು ಹಿಡಿದು ಬಂದವರನ್ನು ಬಾಗಿಲಲ್ಲೇ ತಿರುಗಿಸುವಂತಿಲ್ಲ. ಪ್ರತಿಭಾಳ ಗಂಡ ಕೇದಾರನೂ ಅದಕ್ಕೆ ಅಡ್ಡ ಬರುವಂತಿರಲಿಲ್ಲ. ಆ ಐದು ನಿಮಿಷದಲ್ಲಿ ಮುನಿಗಂಗಮ್ಮ ಅವಳ ಮುಖ, ಕುತ್ತಿಗೆ, ಮಣಿಕಟ್ಟುಗಳನ್ನು ನೋಡಿಕೊಂಡು ಬರುತ್ತಿದ್ದರು.

ಒಂದು ಸಂಜೆ ಕೆಳಗಿಳಿದು, ಕೇದಾರ ಅವಳನ್ನು ಹೊಡೆಯುತ್ತಿದ್ದುದನ್ನೆಲ್ಲ ನನಗೆ ಹೇಳಿದರು. ನನ್ನ ರಕ್ತ ಕುದಿಯಿತು. ಹಿರಿಯನೆಂಬ ಜಂಬ ಬೇರೆ. ಮರುದಿನ ಕೇದಾರನನ್ನು ಗೇಟಿನಲ್ಲೇ ತಡೆದು ಬುದ್ಧಿ ಹೇಳಿದೆ. ‘ಆಗ್ಲಿ ಸರ್’ ಎಂದು ವಿನಯದಿಂದ ನಕ್ಕು ಮೇಲೆ ಹೋದ. ನಾಲ್ಕು ದಿನ ಆ ಬಾಗಿಲು ತೆರೆಯಲಿಲ್ಲ.

‘ನೀವು ಅವ್ನಿಗೆ ಬುದ್ಧಿ ಹೇಳಿದ್ರಿ, ಏಟು ಅವ್ಳಿಗೆ ಬಿತ್ತು. ಅವ್ಳನ್ನ ಒಂದ್ ಮಾತು ಕೇಳಿದ್ರಾ?’ ಎಂದು ಕೇಳಿದರು ಮುನಿಗಂಗಮ್ಮ. ನೆನೆದರೆ ಈಗಲೂ ನಿದ್ದೆ ಹಾರಿಹೋಗುತ್ತದೆ.

ಅವರು ಪ್ರತಿಭಾಳಿಗೆ ಬಿಟ್ಟು ಬಾ ಎಂದೂ ಹೇಳಲಿಲ್ಲ, ಹೊಂದಿಕೊಂಡು ಹೋಗು ಎಂದೂ ಹೇಳಲಿಲ್ಲ. ‘ನಾಳೇನೂ ಬರ್ತೀನಿ ಕಣಮ್ಮ’ ಎನ್ನುತ್ತಿದ್ದರು, ಅಷ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ, ‘ಅಕ್ಕಾ, ನಿಮ್ಮ ಜೋಡಿ ಬರ್ತೀನ್ರಿ’ ಎಂದು ಪ್ರತಿಭಾಳೇ ಹೊರಟಳು. ಕೋಡಿಹಳ್ಳಿಯ ಅವರ ಮನೆಯಲ್ಲಿ ಹನ್ನೊಂದು ದಿನವಿದ್ದು, ಗಂಡ ಬಂದು ಕಾಲು ಹಿಡಿದನೆಂದು ಹಿಂದಿರುಗಿದಳು. ಬೀದಿಯೆಲ್ಲ ಆಡಿಕೊಂಡಿತು. ನಾನೂ ಸಿಡುಕಿದೆ: ‘ಇನ್ನು ಅವಳ ಹಣೆಬರಹ, ಬಿಟ್ಬಿಡಿ.’

‘ಅಯ್ಯೋ, ಈಗ್ಲೇ ಅಲ್ವಾ ಸಾರ್ ಹೋಗ್ಬೇಕಾಗಿರೋದು? ಅವ್ಳಿಗೆ ನಾಚ್ಕೆ ಆಗಿರತ್ತೆ, ತಾನಾಗಿ ಕರೆಯಲ್ಲ’ ಎಂದವರೇ ಮೇಲೆ ಹೋದರು.

ಉಪಕಾರ ಮಾಡಿದ ನಮಗೆ ಫಲ ಬೇಗ ಕಾಣಬೇಕು, ಕಾಣದಿದ್ದರೆ ಮುನಿಸು. ಇಂಥವರಿಗೆ ಮುನಿಯಲು ಪುರುಸೊತ್ತೇ ಇರುವುದಿಲ್ಲ. ಪ್ರತಿಭಾ ಎರಡನೆಯ ಸಲ ಹೊರಬರಲು, ಮತ್ತೆ ಹಿಂದಿರುಗದಿರಲು, ಎರಡು ವರ್ಷ ಹಿಡಿಯಿತು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಜೀವಸಹಿತ ಉಳಿದಿರುವುದು, ನಾವೆಲ್ಲ ಕೈಬಿಟ್ಟ ಮರುದಿನವೂ ಇಂಥವರೊಬ್ಬರು ಬಂದು ಬಾಗಿಲು ತಟ್ಟಿದ್ದರಿಂದ.