ನಾಲ್ಕನೇ ಕುರಿಯ ಮಂಡಿ

ಬೆಳಗ್ಗೆ ಏಳೂ ಹತ್ತಕ್ಕೆ ಪ್ರಯೋಗಾಲಯದ ನಾಲ್ಕನೇ ಕುರಿ ನಿಂತೇ ಇತ್ತು.

"ರಾತ್ರಿಯೆಲ್ಲಾ ಮಲಗಿಲ್ಲ ಮೇಡಂ," ಎಂದ ಕುರಿಗಳನ್ನು ನೋಡಿಕೊಳ್ಳುವವನು. "ಮಲಗ್ಬೇಕಂದ್ರೆ ಮಂಡಿ ಮಡಚ್ಬೇಕಲ್ಲ? ನಮ್ಮ ಕುರಿ ಸಾಹೇಬ್ರು ಮಿಲಿಟರಿ ಸೇರೋ ಹಾಗಿದೆ."

ಸಂಶೋಧಕಿ ನಗಲಿಲ್ಲ. ಕೀಲಿನ ಮೂಳೆಗಳ ನಡುವೆ ಮೆತ್ತೆಯಂತಿದ್ದು ಸವೆದುಹೋದ ಮೃದ್ವಸ್ಥಿ ಮತ್ತೆ ಬೆಳೆಯಲೆಂದು ನ್ಯಾನೊ ಕಣ ಬೆರೆಸಿದ ಜೆಲ್ಲನ್ನು ಆ ಮಂಡಿಗೆ ಚುಚ್ಚಿದವಳು ಅವಳೇ. ಮೂರು ವಾರಕ್ಕೆಲ್ಲ ಕುರಿ ಕುಣಿದಾಡಿತ್ತು. ಇಂದು ನಲವತ್ತನೇ ದಿನ. ಎಕ್ಸ್-ರೇ ತೆಗೆದು ನೋಡಿದರೆ ಕೀಲಿನ ಸಂದೇ ಮುಚ್ಚಿಹೋಗಿತ್ತು. ಮೃದ್ವಸ್ಥಿ ಇರಬೇಕಾದಲ್ಲಿ ಮೂಳೆ ಬೆಳೆದಿತ್ತು.

ಕುರಿ ಕುಣಿದ ಸಂಭ್ರಮದಲ್ಲಿ, ಇಪ್ಪತ್ತೊಂದನೇ ದಿನ, ಅದೇ ಸೀಸೆಯಲ್ಲಿ ಉಳಿದದ್ದನ್ನು ಅವಳು ಯಾರಿಗೂ ಹೇಳದೆ ಮನೆಗೊಯ್ದು ಅಮ್ಮನ ಸವೆದ ಬಲ ಮಂಡಿಗೆ ಚುಚ್ಚಿದ್ದಳು. ಅದಕ್ಕೆ ಇಂದಿಗೆ ಹತ್ತೊಂಬತ್ತು ದಿನ.

ಹೊರಗೆ ಬಂದು ಫೋನ್ ಮಾಡಿದಳು.

"ಮಂಡಿ ಮಡಚೋಕೆ ಆಗ್ತಿದೆಯಾ ಅಮ್ಮಾ?"

"ಚಕ್ಕಳಮಕ್ಕಳ ಹಾಕ್ಕೊಂಡೇ ಕೂತಿದ್ದೀನಿ ಕಣೇ! ಮೂರು ಮಹಡಿ ಹತ್ತಿದ್ದು ನೋಡಿ ಪಕ್ಕದ್ಮನೆಯವಳು ಹೊಟ್ಟೆ ಉರ್ಕೊಂಡ್ಳು. ಎಡಗಾಲಿಗೆ ಯಾವಾಗ ಹಾಕ್ತೀಯ?"

"ಹೊರತೆಗೆಯೋಕೆ ದಾರಿ ಹುಡುಕ್ತೀನಿ" ಎಂಬ ಮಾತು ಬಾಯಿಗೆ ಬಂತು. ಆದರೆ ಒಮ್ಮೆ ಗಟ್ಟಿಯಾದ ಜೆಲ್ಲನ್ನು ತೆಗೆಯುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಅವಳು ಫೋನ್ ಇಟ್ಟು ಒಳಗೆ ಬಂದಳು.

"ಇದು ಮೊದಲು ಕುಂಟಿದ್ದು ಯಾವತ್ತು?"

"ಇಪ್ಪತ್ತೆಂಟನೇ ದಿನ. ದಿನಚರಿಯಲ್ಲಿ ಬರೆದಿದ್ದೆನಲ್ಲ ಮೇಡಂ. ಕೆಳಗೆ ನಿಮ್ಮದೇ ಸಹಿ ಇದೆ."

ಆ ಫೋನ್ ಮಾಡಿದ ಒಂಬತ್ತನೇ ದಿನ, ಅಮ್ಮನಿಗೆ ಚುಚ್ಚಿದ ಇಪ್ಪತ್ತೆಂಟನೇ ದಿನ ಬೆಳಗ್ಗೆ, ಅಮ್ಮ ಬಲಗಾಲು ಎಳೆದುಕೊಂಡು ಮೆಟ್ಟಿಲಿಳಿದಳು.