ಏಳನೇ ಪಂಜರದ ಯಜಮಾನರ ಹೃದಯ

೧
ಎಲ್ಲಿಂದ ಶುರುಮಾಡಲಿ? ಹೃದಯದಿಂದ ಎಂದರೆ ನೀವು ಪ್ರೇಮಕಥೆ ಎಂದುಕೊಳ್ಳುತ್ತೀರಿ. ಇಲಿಯಿಂದ ಎಂದರೆ ಪುಟ ಮಗುಚುತ್ತೀರಿ. ಇದು ಇಲಿಯ ಹೃದಯದ ಕಥೆ. (ಹೋಗಬೇಡಿ.)

೨
ಸಂಶೋಧಕಿಯ ಪ್ರಶ್ನೆ ಸರಳ: ಮುದಿ ಇಲಿಗೆ ಆ್ಯಂಟಿಆಕ್ಸಿಡೆಂಟ್ ಕೊಟ್ಟರೆ ಹೃದಯದ ಸ್ನಾಯುವಿಗೆ ಆಮ್ಲಜನಕ ಹೆಚ್ಚು ಸಿಗುತ್ತದೆಯೇ? ಎರಡು ವರ್ಷ ದಾಟಿದ ಇಪ್ಪತ್ನಾಲ್ಕು ಇಲಿಗಳು. ಹನ್ನೆರಡಕ್ಕೆ ವಿಟಮಿನ್ ಇ ಬೆರೆಸಿದ ಆಹಾರ, ಹನ್ನೆರಡಕ್ಕೆ ಮಾಮೂಲಿ ಆಹಾರ. ಮೂರು ತಿಂಗಳ ನಂತರ ಅರಿವಳಿಕೆ ಕೊಟ್ಟು, ಎದೆ ತೆರೆದು, ಕೂದಲೆಳೆಯಂಥ ತಂತಿ ತಾಗಿಸಿ ಅಳೆಯಬೇಕು. ಅಳೆಸಿಕೊಂಡ ಇಲಿ ಮತ್ತೆ ಏಳುವುದಿಲ್ಲ.

ಮೊದಲ ಡ್ರಾಫ್ಟಿನಲ್ಲಿ ಇಲ್ಲೊಂದು ಗುಡುಗು ಹಾಕಿದ್ದೆ. ಸಂಶೋಧಕಿ ಅಡ್ಡಬಂದಳು: "ಅವತ್ತು ಬಿಸಿಲಿತ್ತು ಸಾರ್. ಇದ್ದಿದ್ದು ಬರೀರಿ." ಹೊಡೆದುಹಾಕಿದೆ.

೩
ಅಳೆಯುವ ಬೆಳಿಗ್ಗೆ. ಮೊದಲ ಸರದಿ ಮಾಮೂಲಿ ಗುಂಪಿನ ಏಳನೇ ಪಂಜರದ್ದು. ಕೈಗವಸು ಹಾಕಿಕೊಂಡು ಇಲಿಯನ್ನು ಎತ್ತಹೊರಟಾಗ ಮರದ ಹೊಟ್ಟಿನ ನಡುವೆ ಕಿತ್ತಳೆ ಬಣ್ಣದ ಚೂರೊಂದು ಕಂಡಿತು.

"ಅಣ್ಣಾ, ಇದೇನು?"

ಇಪ್ಪತ್ತು ವರ್ಷಗಳಿಂದ ಇಲಿಗಳನ್ನು ನೋಡಿಕೊಳ್ಳುತ್ತಿರುವಾತ ಚಾವಣಿಯತ್ತ ನೋಡಿದ. "ಕ್ಯಾರೆಟ್ ಥರ ಇದೆ, ಮೇಡಂ."

"ಥರಾನೋ, ಕ್ಯಾರೆಟ್ಟೋ?"

"ಈ ಪಂಜರದ ಯಜಮಾನ್ರ ಹಲ್ಲು ಸೊಟ್ಟ ಆಗಿದೆ. ಆ ಒಣ ಉಂಡೆ ಕಡಿಯೋಕೆ ಒದ್ದಾಡ್ತಿದ್ರು. ನನ್ನ ಡಬ್ಬಿಯಿಂದ ದಿನಾ ಒಂದು ಚೂರು..."

"ದಿನಾನಾ? ಮೂರು ತಿಂಗಳು?"

"ಭಾನುವಾರ ರಜಾ, ಮೇಡಂ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಭಾನುವಾರಕ್ಕೆ ನಗುವೂ ನುಗ್ಗಿತು. ಕ್ಯಾರೆಟ್ಟಿನಲ್ಲೂ ಆ್ಯಂಟಿಆಕ್ಸಿಡೆಂಟ್ ಇದೆ. ಈ ಇಲಿ ಈಗ ಯಾವ ಗುಂಪಿಗೂ ಸೇರದು. ಹನ್ನೆರಡು ಹನ್ನೊಂದಾದರೆ ಪ್ರಬಂಧ ಪರಿಶೀಲಿಸುವವರು ಹುಬ್ಬೇರಿಸುತ್ತಾರೆ.

"ಬೇರೆ ಯಾರಿಗಾದ್ರೂ ಕೊಟ್ರಾ?"

"ಇಲ್ಲಪ್ಪ. ಮಿಕ್ಕೋರ ಹಲ್ಲು ಗಟ್ಟಿ."

೪
ಮುಕ್ತಾಯ ಒಂದು: ಯಾರಿಗೂ ಹೇಳದೆ ಅಳೆದುಬಿಡುತ್ತಾಳೆ. ("ನನ್ನ ಮುಖಕ್ಕೆ ಮಸಿ ಬಳೀತೀರಾ?" ಎಂದು ಜಗಳಕ್ಕೇ ಬಂದಳು. ಹರಿದೆ.)

ಮುಕ್ತಾಯ ಎರಡು: ದೂರು ಕೊಡುತ್ತಾಳೆ, ಆತನ ಕೆಲಸ ಹೋಗುತ್ತದೆ. ("ನಿಮಗೇನ್ ಸಾರ್ ಮಾಡಿದ್ದೆ ನಾನು?" ಎಂದು ಆತ. ಇದನ್ನೂ ಹರಿದೆ. ಬುಟ್ಟಿ ತುಂಬಿದೆ.)

ನಡೆದದ್ದು ಇಷ್ಟು. ಅವಳು ಪ್ರಯೋಗದ ಪುಸ್ತಕದಲ್ಲಿ ಬರೆದಳು: "ಏಳನೇ ಇಲಿ ಭಾನುವಾರ ಬಿಟ್ಟು ದಿನಾ ಕ್ಯಾರೆಟ್ ತಿಂದಿದೆ. ಪ್ರಯೋಗದಿಂದ ಹೊರಗೆ. ಮಾಮೂಲಿ ಗುಂಪು: ಹನ್ನೊಂದು." ಕೆಳಗೆ ಆತನ ಸಹಿಯನ್ನೂ ಹಾಕಿಸಿದಳು.

"ಹಂಗಾದ್ರೆ ಇವರನ್ನ ಕೊಯ್ಯಲ್ವಾ?"

"ಕೊಯ್ದು ಏನ್ ಮಾಡ್ಲಿ? ರಿಟೈರ್ ಆದ್ರು ಅಂದ್ಕೊಳ್ಳಿ."

ಆತ ಕಣ್ಣೊರೆಸಿಕೊಂಡು ಪಕ್ಕಕ್ಕೆ ಬಗ್ಗಿದ. "ಮೇಡಂ, ಈ ಎಂಟನೇ ಪಂಜರದೋರ ಹಲ್ಲೂ ಯಾಕೋ..."

"ಅಣ್ಣಾ!"

೫
ಆ್ಯಂಟಿಆಕ್ಸಿಡೆಂಟ್ ಗೆದ್ದಿತೇ ಎಂದು ನೀವು ಕೇಳುತ್ತೀರಿ. ಇಪ್ಪತ್ಮೂರು ಹೃದಯಗಳ ಅಂಕಿ ಇನ್ನೂ ಬರಬೇಕು. "ಅದಕ್ಕೆ ಮುಂಚೆ ಬರೆದ್ರೆ ನೋಡಿ" ಎಂದು ಅವಳು ಬೆರಳು ತೋರಿಸಿದ್ದಾಳೆ. ಹಾಗಾಗಿ ಪೂರ್ಣವಿರಾಮ ನನ್ನ ಜೇಬಿನಲ್ಲೇ ಇದೆ. ಯಜಮಾನರ ಹೃದಯದಲ್ಲಿ ಆಮ್ಲಜನಕ ಎಷ್ಟಿದೆಯೋ ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅದು ನಿಮಿಷಕ್ಕೆ ಮುನ್ನೂರು ಸಲ ಬಡಿಯುತ್ತಿದೆ, ಮುಂಗಾಲುಗಳ ನಡುವೆ ಇವತ್ತಿನ ಚೂರು, ಸೊಟ್ಟ ಹಲ್ಲಿಂದ ಒಂದು ಕಡಿತ, ಇನ್ನೊಂದು,