ಕತ್ತೆ ಹಲಗೆ

"ನಿಮ್ ಕಡೆ ಹಿಮ ಎಷ್ಟು ಬಿತ್ತೋ, ರೇನೋ?"

"ಹದಿನಾಲ್ಕು ಅಂಗುಲ."

"ನಿನ್ನ ಹದಿನಾಲ್ಕು ಅಂದ್ರೆ ಒಂಬತ್ತು ಅಂತ ಊರಿಗೆಲ್ಲ ಗೊತ್ತು. ನೀನು ಹಿಡಿಯೋ ಮೀನಿಗೂ ಅದೇ ಅಳತೆ ತಾನೆ!"

ಡ್ವೇನನ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನು ಆರ್ವೋ. ಅವನ ಹೆಂಡತಿ ಐಲಿಯೂ ನಕ್ಕಂತೆ ಮಾಡಿ, ತಂದಿದ್ದ ಏಲಕ್ಕಿ ಬ್ರೆಡ್ಡನ್ನು ಹೋಳು ಮಾಡತೊಡಗಿದಳು. ರೇನೋನ ಶೆಡ್ಡಿನಲ್ಲಿ ಶನಿವಾರ ಬೆಳಿಗ್ಗೆ ಒಲೆ ಹೊತ್ತಿತೆಂದರೆ ಟ್ರ್ಯಾಕ್ಟರ್ ಇರುವವರೆಲ್ಲ ಕಾಫಿಗೆ ಸೇರುವುದು ವಾಡಿಕೆ. ಇವತ್ತು ಹಿಮಕ್ಕೆ ಹೆದರಿ ಉಳಿದವರು ಬಂದಿರಲಿಲ್ಲ. ಗಂಡಹೆಂಡಿರನ್ನು ಡ್ವೇನನೇ ತನ್ನ ಗಾಡಿಯಲ್ಲಿ ಕರೆತಂದಿದ್ದ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಆರ್ವೋನ ಹಿಮ ತೂರುವ ಯಂತ್ರ ನಿನ್ನೆ ಅಂಗಳದ ನಡುವೆಯೇ ಕಿರ್ರೆಂದು ನಿಂತುಹೋಗಿತ್ತು. ಅದನ್ನೂ ಹೇರಿಕೊಂಡು ಬಂದಿದ್ದರು.

ಒಲೆಯ ಮೇಲುಗಡೆ ಗೋಡೆಯಲ್ಲಿ ಕತ್ತೆ ಹಲಗೆ. ಎಣ್ಣೆ ಹಾಕದೆ ಕೊಂದ ಬೇರಿಂಗು, ಸುಟ್ಟ ಬೆಲ್ಟು, ಸೀಳಿಹೋದ ಪಂಪು, ಹೀಗೆ ಪೆದ್ದತನದಿಂದ ಕೆಟ್ಟದ್ದೆಲ್ಲ ಅದರ ಮೊಳೆಗಳಿಗೆ ನೇತುಬೀಳುತ್ತಿತ್ತು. ಕೆಡಿಸಿದ ಮಹಾನುಭಾವನ ಹೆಸರು ಕೆಳಗೆ ಸೀಮೆಸುಣ್ಣದಲ್ಲಿ. ಮೂವತ್ತು ವರ್ಷದ ಹಿಂದೆ ಆ ಹಲಗೆ ಹೊಡೆದವನು ಆರ್ವೋ. ಬರೆಯುವ ಹಕ್ಕೂ ಅವನದೇ. ಅವನ ಹೆಸರು ಮಾತ್ರ ಅದರಲ್ಲಿ ಒಂದು ಸಲವೂ ಬಂದಿರಲಿಲ್ಲ.

ಐಲಿಗೆ ಬ್ರೆಡ್ಡು ನೆಟ್ಟಗೆ ಕೊಯ್ಯಲಾಗಲಿಲ್ಲ. ಗುರುವಾರ ಯಂತ್ರದ ಪಿನ್ನು ಬದಲಿಸುವಾಗ ಆರ್ವೋ ತಪ್ಪು ಡಬ್ಬಿಗೆ ಕೈಹಾಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಮೂವತ್ತೆಂಟು ವರ್ಷ ಯಂತ್ರದ ವಿಷಯದಲ್ಲಿ ಅವನಿಗೆ ಬುದ್ಧಿ ಹೇಳದವಳಿಗೆ ಅಂದೂ ನಾಲಿಗೆ ಏಳಲಿಲ್ಲ. ಸೆಪ್ಟೆಂಬರಿನಲ್ಲಿ ಡಾಕ್ಟರು, "ಮರೆವು ಇನ್ನು ಜಾಸ್ತಿನೇ ಆಗೋದು. ಗಾಡಿ ಓಡಿಸೋಕೆ ಬಿಡಬೇಡಿ" ಎಂದಿದ್ದರು. ಕಾರಿನ ಬೀಗದ ಕೈ ಅಡಗಿಸಿಟ್ಟಳು. ಟ್ರ್ಯಾಕ್ಟರಿನದನ್ನು ಕಸಿದುಕೊಳ್ಳಲು ಮನಸ್ಸು ಬರಲಿಲ್ಲ. ಅದರ ಮೇಲೆ ಕೂತಾಗ ಅವನು ಹಳೆಯ ಆರ್ವೋನೇ ಆಗಿರುತ್ತಿದ್ದ. ಅವನ ಮರೆವು ಈ ಗೆಳೆಯರಿಗೆ ಗೊತ್ತಾಯಿತೋ, ಅದೂ ಮುಗಿಯಿತು.

ರೇನೋ ಗೇರ್‌ಬಾಕ್ಸ್ ಬಿಚ್ಚಿದ. ಒಳಗಿನ ಹಲ್ಲುಗಳೆಲ್ಲ ಪುಡಿಪುಡಿ. ಅವನು ತಿರುಗುವ ದಂಡದ ಬುಡಕ್ಕೆ ಬೆರಳಾಡಿಸಿ, ಸುತ್ತಿಗೆಯಿಂದ ಒಂದು ಬೋಲ್ಟು ಬಡಿದು ತೆಗೆದು, ಬೆಳಕಿಗೆ ಹಿಡಿದ. ಡ್ವೇನನ ಕಾಫಿ ಬಾಯಿಯ ಹತ್ತಿರವೇ ನಿಂತಿತು.

ಅಲ್ಲಿ ಇರಬೇಕಾದದ್ದು ಮೆದು ಪಿನ್ನು. ಕಲ್ಲು ಸಿಕ್ಕರೆ ತಾನು ಮುರಿದು ಗೇರ್‌ಬಾಕ್ಸ್ ಉಳಿಸುವಂಥದ್ದು. ಇದ್ದದ್ದು ಗಟ್ಟಿ ಉಕ್ಕಿನ ಬೋಲ್ಟು. "ಪಿನ್ನು ಹುಟ್ಟಿರೋದೇ ಸಾಯೋಕೆ, ಅದನ್ನ ಸಾಯಕ್ಕೆ ಬಿಡ್ರೋ" ಎಂದು ಇದೇ ಬೆಂಚಿನ ಮೇಲೆ ಕೂತು ಊರಿಗೆಲ್ಲ ಪಾಠ ಹೇಳಿದವನು ಆರ್ವೋ.

"ಕೊಡಿಲ್ಲಿ ನೋಡೋಣ," ಎಂದು ಆರ್ವೋ ಬೋಲ್ಟನ್ನು ಕಿತ್ತುಕೊಂಡ. ಅವನ ಮುಖ ಹಬ್ಬದ ಹಾಗೆ ಅರಳಿತು. "ಅಯ್ಯಯ್ಯೋ! ಯಾವ ಕತ್ತೇನೋ ಇದನ್ನ ಹಾಕಿದ್ದು? ನಮ್ಮೂರಲ್ಲಿ ಇಂಥವ್ನೂ ಇದಾನಾ? ಯಾರೋ ಅವ್ನು, ಹೇಳ್ರೋ!"

ರೇನೋ ಐಲಿಯ ಕಡೆ ನೋಡಿದ. ಅವಳು ಚಾಕುವಿನಿಂದ ಕಣ್ಣೆತ್ತಲಿಲ್ಲ. ಅವನಿಗೆ ಅರ್ಥವಾಗಲು ಅಷ್ಟೇ ಸಾಕಾಯಿತು.

"ನಾನೇ ಕಣೋ," ಎಂದ ರೇನೋ. "ಹೋದ್ವಾರ ನಿಮ್ಮನೆಗೆ ಬಂದಿದ್ನಲ್ಲ, ಆಗ ಹಾಕ್ದೆ. ಕೈಗೆ ಅದೇ ಸಿಕ್ತು."

"ನೀನಾ! ನನ್ನ ಜೊತೆ ನಲವತ್ತು ವರ್ಷ ಇದ್ದೂ ಹಿಂಗಾ? ಕೋಣನ ಮುಂದೆ ಕಿನ್ನರಿ ಬಾರಿಸಿದಂಗಾಯ್ತು ನನ್ನ ಪಾಠ!"

"ಆಯ್ತಪ್ಪ, ತಪ್ಪಾಯ್ತು. ಹಲಗೆಗೆ ಹಾಕು."

ಐಲಿಯ ಎದೆ ಸ್ವಲ್ಪ ಹಗುರಾಯಿತು. ಇನ್ನೊಂದು ಚಳಿಗಾಲ ಹೀಗೇ ಕಳೆಯಬಹುದೇನೋ ಎಂಬ ಆಸೆ ಒಂದು ಗಳಿಗೆ ಸುಳಿಯಿತು. ಆರ್ವೋ ಗತ್ತಿನಿಂದ ಎದ್ದು, ಬೋಲ್ಟನ್ನು ಮೊಳೆಗೆ ತಂತಿಯಲ್ಲಿ ಕಟ್ಟಿ, ಸೀಮೆಸುಣ್ಣ ತೆಗೆದುಕೊಂಡು ಹಲಗೆಗೆ ಒತ್ತಿದ. ಒತ್ತಿಕೊಂಡೇ ನಿಂತ. ಆಮೇಲೆ ರೇನೋನ ಕಡೆ ತಿರುಗಿದ. ಮುಖದ ನಗು ಹಾಗೇ ಇತ್ತು.

"ಅಲ್ಲಯ್ಯಾ... ನಿನ್ನ ಹೆಸರೇನು ಅಂದೆ?"

ಡ್ವೇನ್ ತಮಾಷೆಯೆಂದು ನಕ್ಕ. ನಕ್ಕವನು ಅರ್ಧಕ್ಕೇ ನಿಲ್ಲಿಸಿದ.

ಐಲಿ ಚಾಕು ಕೆಳಗಿಟ್ಟು ಎದ್ದಳು. ಗೂಟಕ್ಕೆ ತೂಗುಹಾಕಿದ್ದ ಗಂಡನ ಕೋಟಿನ ಜೇಬಿನಿಂದ ಟ್ರ್ಯಾಕ್ಟರಿನ ಬೀಗದ ಕೈ ತೆಗೆದು, ಗ್ರೀಸು ಮೆತ್ತಿದ ರೇನೋನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ಮಡಚಿದಳು.

"ರೇನೋ," ಎಂದ ಅವನು ಮೆಲ್ಲಗೆ. "ರೇನೋ ಅಂತ ಬರಿ."

ಹೊರಗೆ ಮತ್ತೆ ಹಿಮ ಬೀಳತೊಡಗಿತ್ತು. ಆರ್ವೋ ಹಲಗೆಯ ಕಡೆ ತಿರುಗಿ, ಸೀಮೆಸುಣ್ಣವನ್ನು ಮತ್ತೆ ಅದೇ ಚುಕ್ಕೆಯ ಮೇಲೆ ಇಟ್ಟ.